ಅರ್ಹತೆ ಸಿಕ್ಕ ಮೇಲೆ ಆಸೆಯನ್ನು ಅಳೆದು ಇಟ್ಟುಕೊಳ್ಳುವ ಬಗೆ

2025ರ ಜೂನ್ 30ರಂದು ಕೃಷ್ಣರಾಜಸಾಗರಕ್ಕೆ ಬಾಗಿನ ಅರ್ಪಣೆಯಾಯಿತು. ಜೂನ್ ತಿಂಗಳಲ್ಲೇ ಅಣೆಕಟ್ಟೆ ತುಂಬಿದ್ದು ಅದರ ಚರಿತ್ರೆಯಲ್ಲಿ ಅದೇ ಮೊದಲು ಎಂದು ಮೈಸೂರು, ಮಂಡ್ಯದ ಜನ ಇನ್ನೂ ಬೆರಗಿನಿಂದ ಮಾತನಾಡಿಕೊಳ್ಳುತ್ತಿದ್ದಾಗಲೇ, ಜುಲೈ 5ರ ಶನಿವಾರ, ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ಭಾರತದ ಮಹಿಳಾ ಫುಟ್‌ಬಾಲ್ ತಂಡ ಆತಿಥೇಯರನ್ನು 2-1 ಗೋಲುಗಳಿಂದ ಸೋಲಿಸಿ, ಆಸ್ಟ್ರೇಲಿಯಾದಲ್ಲಿನ 2026ರ ಮಹಿಳಾ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಎರಡು ಗೋಲುಗಳನ್ನೂ ಹೊಡೆದವರು ಸಂಗೀತಾ ಬಾಸ್ಫೋರ್. ಆ ವಾರ ನಮ್ಮ ಮನೆಯಲ್ಲಿ ಎರಡು ಸಂಭ್ರಮಗಳೂ ಒಂದರ ಮೇಲೊಂದು ಬಿದ್ದುದರಿಂದ, ಎರಡನ್ನೂ ಒಂದೇ ರೀತಿಯಲ್ಲಿ ನೋಡುವ ಅಭ್ಯಾಸ ನನಗೆ ಹತ್ತಿಕೊಂಡಿತು.

ಈ ಭಾಗದಲ್ಲಿ ಹುಟ್ಟಿ ಬೆಳೆದವರಿಗೆ ಆಸೆಯನ್ನು ಅಡಿ ಲೆಕ್ಕದಲ್ಲಿ ಅಳೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆಗಾಲದಲ್ಲಿ ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ನಾವು ಮೊದಲು ನೋಡುವುದು ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಎಂಬ ಮೂರು ಸಾಲುಗಳನ್ನು. ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿ ಶಾಲೆಗೆ ಹೋಗದವರಿಗೂ ಬಾಯಿಪಾಠ. ಮಟ್ಟ ನೂರು ಅಡಿ ದಾಟಿದಾಗ ಎಲ್ಲರಿಗೂ ಖುಷಿಯಾಗುತ್ತದೆ, ಆದರೆ ಯಾರೂ ಬಾಗಿನ ಹಿಡಿದು ಹೊರಡುವುದಿಲ್ಲ. ದೇಶದ ತಂಡ ದೊಡ್ಡ ಟೂರ್ನಿಗೆ ಅರ್ಹತೆ ಪಡೆದ ದಿನದಿಂದ ಟೂರ್ನಿಯ ಮೊದಲ ಪಂದ್ಯದವರೆಗೆ ಅಭಿಮಾನಿ ಇದೇ ಲೆಕ್ಕವನ್ನು ಹೇಗೆ ಪಾಲಿಸಬಹುದು ಎಂಬುದನ್ನು, ಎರಡು ಬಾರಿ ಚೆನ್ನಾಗಿ ಪೆಟ್ಟು ತಿಂದವನಾಗಿ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಬೇಕಾದದ್ದು ಸಂಭ್ರಮಿಸುವುದು. ಇದನ್ನು ಹೇಳಬೇಕೇ ಎಂದು ಕೇಳಬಹುದು, ಹೇಳಲೇಬೇಕು. ಭಾರತೀಯ ಫುಟ್‌ಬಾಲ್ ಅಭಿಮಾನಿಗಳಲ್ಲಿ ಗೆದ್ದ ರಾತ್ರಿಯೇ "ಮುಂದೆ ಜಪಾನ್ ಬಂದರೆ ಏನು ಗತಿ" ಎಂದು ಕೊರಗುವ ಒಂದು ವರ್ಗವಿದೆ. ಆ ಒಂದು ವಾರ ಎದುರಾಳಿಗಳ ಸುದ್ದಿಗೇ ಹೋಗಬೇಡಿ, ಗೆದ್ದದ್ದು ಏನು ಎಂಬುದನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಿ. ಥಾಯ್ಲೆಂಡ್ 2015 ಮತ್ತು 2019ರ ವಿಶ್ವಕಪ್‌ಗಳಲ್ಲಿ ಆಡಿದ ತಂಡ. ಪಂದ್ಯದ ಹೊತ್ತಿಗೆ ಫಿಫಾ ರ‍್ಯಾಂಕಿಂಗ್‌ನಲ್ಲಿ ಅವರದು 46ನೇ ಸ್ಥಾನ, ನಮ್ಮದು 70. ಗುಂಪಿನಲ್ಲಿ ಮೊದಲ ಸ್ಥಾನ ಪಡೆದವರಿಗೆ ಮಾತ್ರ ಟಿಕೆಟ್ ಎಂಬ ನಿಯಮವಿದ್ದಾಗ, ಅವರ ನೆಲದಲ್ಲೇ ಅವರನ್ನು ಸೋಲಿಸಿದ್ದು ಅದೃಷ್ಟದಿಂದ ಆಗುವ ಕೆಲಸವಲ್ಲ. ಅದಕ್ಕೂ ಮುಂಚೆ ಮಂಗೋಲಿಯಾ ವಿರುದ್ಧ 13-0, ತಿಮೋರ್ ವಿರುದ್ಧ 4-0, ಇರಾಕ್ ವಿರುದ್ಧ 5-0 ಎಂದು ಗೆದ್ದು ಬಂದಿದ್ದರು. ಅರ್ಹತಾ ಸುತ್ತಿನಲ್ಲಿ ಗೆದ್ದು ಈ ಟೂರ್ನಿಗೆ ಹೋಗುತ್ತಿರುವುದು ಭಾರತದ ಮಹಿಳಾ ತಂಡಕ್ಕೆ ಇದೇ ಮೊದಲು. 2022ರಲ್ಲಿ ನಾವೇ ಆತಿಥೇಯರಾಗಿದ್ದರಿಂದ ನೇರ ಪ್ರವೇಶವಿತ್ತು, ಆದರೆ ಇರಾನ್ ವಿರುದ್ಧ ಒಂದು ಪಂದ್ಯವನ್ನು 0-0 ಡ್ರಾ ಮಾಡಿಕೊಂಡ ಮೇಲೆ ಶಿಬಿರದಲ್ಲಿ ಕೋವಿಡ್ ಹರಡಿ, ಚೈನೀಸ್ ತೈಪೆ (ಅಂದರೆ ತೈವಾನ್) ವಿರುದ್ಧ ಕಣಕ್ಕಿಳಿಸಲು ಬೇಕಾದಷ್ಟು ಆಟಗಾರ್ತಿಯರೇ ಇಲ್ಲದೆ ಟೂರ್ನಿಯಿಂದ ಹೊರಬೀಳಬೇಕಾಯಿತು. ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಸಿಹಿ ತಂದು ಹಂಚಿದರೆ, ಯಾಕೆ ಹಂಚುತ್ತಿದ್ದೀರಿ ಎಂದು ಯಾರಾದರೂ ಕೇಳಿದಾಗ ಉತ್ತರ ಸಿದ್ಧವಿರುತ್ತದೆ.

ಆ ಪ್ರಶ್ನೆ ಬಂದೇ ಬರುತ್ತದೆ, ಅದರ ಜೊತೆಗೆ ಇನ್ನೊಂದು ಮಾತೂ ಬರುತ್ತದೆ. 2025ರ ಅಕ್ಟೋಬರ್ 14ರಂದು ಗೋವಾದ ಮಡಗಾಂವಿನಲ್ಲಿ ಪುರುಷರ ತಂಡ ಸಿಂಗಪುರದ ಎದುರು 1-2ರಿಂದ ಸೋತು 2027ರ ಏಷ್ಯನ್ ಕಪ್‌ನ ದಾರಿ ಮುಚ್ಚಿಕೊಂಡಾಗ, ನಮ್ಮ ಬೀದಿಯ ಕೊನೆಯ ಟೀ ಅಂಗಡಿಯಲ್ಲಿ ಒಬ್ಬರು, "ಗಂಡಸ್ರ ಟೀಮೇ ಹೋಗ್ಲಿಲ್ಲ, ಇನ್ನು ಇವ್ರೇನ್ ಮಾಡ್ತಾರೆ ಬಿಡಿ ಸಾರ್" ಎಂದರು. ಇಂಥ ಮಾತಿಗೆ ವಾದ ಬೆಳೆಸಬೇಕಾಗಿಲ್ಲ. ಒಂದು ಕೆರೆ ಬತ್ತಿದರೆ ಇನ್ನೊಂದು ಕೆರೆಯ ಮಟ್ಟ ಇಳಿಯುವುದಿಲ್ಲ ಎಂದು ಹೇಳಿ ಟೀ ಮುಗಿಸಿದರೆ ಸಾಕು.

ಎರಡನೆಯ ಕೆಲಸ ಟೂರ್ನಿಯ ನಿಯಮವನ್ನು ಓದುವುದು, ಮತ್ತು ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಅಭಿಮಾನಿಯ ಆಸೆ ಹಾಳಾಗುವುದು ಬಹುಮಟ್ಟಿಗೆ ಸೋಲಿನಿಂದಲ್ಲ, ಏನಾದರೆ ಏನಾಗುತ್ತದೆ ಎಂಬುದು ಗೊತ್ತಿಲ್ಲದೆ ಕುಳಿತಿರುವುದರಿಂದ. ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ತೆಗೆದುಕೊಂಡು ಕೈಯಾರೆ ಬರೆಯಿರಿ. ಹನ್ನೆರಡು ತಂಡಗಳು, ನಾಲ್ಕು ನಾಲ್ಕು ತಂಡಗಳ ಮೂರು ಗುಂಪುಗಳು. ಪ್ರತಿ ಗುಂಪಿನ ಮೊದಲ ಎರಡು ತಂಡಗಳು ಕ್ವಾರ್ಟರ್‌ಫೈನಲ್‌ಗೆ ಹೋಗುತ್ತವೆ, ಮೂರನೇ ಸ್ಥಾನ ಪಡೆದ ಮೂರು ತಂಡಗಳಲ್ಲಿ ಉತ್ತಮವಾದ ಎರಡು ಕೂಡ ಹೋಗುತ್ತವೆ. ಅಂದರೆ ಗುಂಪು ಹಂತ ಮುಗಿದಾಗ ಪೆಟ್ಟಿಗೆ ಕಟ್ಟುವುದು ನಾಲ್ಕೇ ತಂಡಗಳು. ಅಲ್ಲಿಂದ ಮುಂದಿನದು ಇನ್ನೂ ಸ್ವಾರಸ್ಯ. ಸೆಮಿಫೈನಲ್ ತಲುಪಿದ ನಾಲ್ಕು ತಂಡಗಳಿಗೆ 2027ರ ಬ್ರೆಜಿಲ್ ವಿಶ್ವಕಪ್‌ಗೆ ನೇರ ಪ್ರವೇಶ. ಕ್ವಾರ್ಟರ್‌ಫೈನಲ್‌ನಲ್ಲಿ ಸೋತ ನಾಲ್ಕು ತಂಡಗಳು ತಮ್ಮೊಳಗೆ ಆಡಿ, ಗೆದ್ದ ಎರಡು ವಿಶ್ವಕಪ್‌ಗೆ ಹೋಗುತ್ತವೆ, ಸೋತ ಎರಡಕ್ಕೂ ಬೇರೆ ಖಂಡಗಳ ತಂಡಗಳ ಜೊತೆ ಪ್ಲೇಆಫ್ ಆಡುವ ಅವಕಾಶ ಉಳಿಯುತ್ತದೆ. ಹೀಗಾಗಿ "ವಿಶ್ವಕಪ್" ಎಂಬ ಪದವನ್ನು ನೀವು ಬಾಯಿಬಿಟ್ಟು ಹೇಳಿದರೆ ನಗುವವರು ನಕ್ಕಾರು, ಆದರೆ ಕ್ವಾರ್ಟರ್‌ಫೈನಲ್ ತಲುಪಿದ ಎಂಟು ತಂಡಗಳಲ್ಲಿ ಯಾವುದೂ ಆ ಓಟದಿಂದ ತಕ್ಷಣ ಹೊರಬೀಳುವುದಿಲ್ಲ ಎಂಬುದು ಹಾಳೆಯ ಮೇಲೆ ಬರೆದ ನಿಯಮ.

ಇನ್ನು ಗುಂಪಿನ ವಿಷಯ. ಜುಲೈ 29ರಂದು ಸಿಡ್ನಿಯಲ್ಲಿ ಚೀಟಿ ಎತ್ತಿದಾಗ ಭಾರತಕ್ಕೆ ಸಿ ಗುಂಪು ಬಂತು. ಜೊತೆಗೆ ಜಪಾನ್, ವಿಯೆಟ್ನಾಂ ಮತ್ತು ಚೈನೀಸ್ ತೈಪೆ. ಇಲ್ಲಿ ನಿಮ್ಮ ಆಸೆಯನ್ನು ಮೂರು ಪಂದ್ಯಗಳಿಗೆ ಸಮವಾಗಿ ಹಂಚುವ ತಪ್ಪು ಮಾಡಬೇಡಿ. ಜಪಾನ್ 2011ರ ವಿಶ್ವಕಪ್ ಗೆದ್ದ ದೇಶ, 2014 ಮತ್ತು 2018ರ ಏಷ್ಯನ್ ಕಪ್‌ಗಳನ್ನೂ ಗೆದ್ದಿದೆ. ಅವರ ಎದುರು ಗೆಲುವಿನ ಆಸೆ ಇಟ್ಟುಕೊಳ್ಳುವುದು ಭಕ್ತಿಯ ವಿಷಯ, ಅದು ನಿಮಗೆ ಬಿಟ್ಟದ್ದು. ಆದರೆ ಆ ಪಂದ್ಯದಲ್ಲಿ ಲೆಕ್ಕಕ್ಕೆ ಬರುವ ಬೇರೊಂದು ಸಂಗತಿ ಇದೆ, ಅದು ಎಷ್ಟು ಗೋಲುಗಳ ಅಂತರದಿಂದ ಸೋತೆವು ಎಂಬುದು. ಮೂರನೇ ಸ್ಥಾನದ ತಂಡಗಳನ್ನು ಹೋಲಿಸುವಾಗ ಮೊದಲು ಅಂಕ, ಅಂಕ ಸಮವಾದರೆ ಗೋಲುಗಳ ವ್ಯತ್ಯಾಸ, ಅದೂ ಸಮವಾದರೆ ಹೊಡೆದ ಗೋಲುಗಳು. ಒಂದು ಉದಾಹರಣೆಯನ್ನು ಹಾಳೆಯ ಮೇಲೆ ಹಾಕಿ ನೋಡಿ. ವಿಯೆಟ್ನಾಂ ವಿರುದ್ಧ 1-2 ಸೋಲು, ಜಪಾನ್ ವಿರುದ್ಧ 0-4 ಸೋಲು, ತೈಪೆ ವಿರುದ್ಧ 2-1 ಗೆಲುವು ಎಂದಿಟ್ಟುಕೊಂಡರೆ, ಮೂರು ಅಂಕ, ವ್ಯತ್ಯಾಸ ಮೈನಸ್ ನಾಲ್ಕು. ಅದೇ ಜಪಾನ್ ಪಂದ್ಯ 0-8 ಆದರೆ ವ್ಯತ್ಯಾಸ ಮೈನಸ್ ಎಂಟು. ಬೇರೆ ಗುಂಪಿನ ಮೂರನೇ ತಂಡವೊಂದು ಮೂರು ಅಂಕ ಮತ್ತು ಮೈನಸ್ ಆರರೊಂದಿಗೆ ಕುಳಿತಿದ್ದರೆ, ಮೊದಲ ಲೆಕ್ಕದಲ್ಲಿ ನಾವು ಮುಂದಕ್ಕೆ, ಎರಡನೆಯದರಲ್ಲಿ ಅವರನ್ನು ಮುಂದೆ ಬಿಟ್ಟು ನಾವು ಉಳಿದೊಂದು ಗುಂಪಿನ ಕಡೆ ಕಣ್ಣು ನೆಟ್ಟು ಕೂರಬೇಕು. ಜಪಾನ್ ಎದುರು ಎಪ್ಪತ್ತನೇ ನಿಮಿಷದಲ್ಲಿ ಮೂರು ಗೋಲು ಹಿಂದಿದ್ದಾಗ ಟೀವಿ ಆರಿಸಿ ಎದ್ದು ಹೋಗುವವರಿಗೆ, ಆ ಉಳಿದ ಇಪ್ಪತ್ತು ನಿಮಿಷದಲ್ಲಿ ನಮ್ಮ ಡಿಫೆಂಡರುಗಳು ಹೊರಗೆ ಒದೆಯುವ ಒಂದೊಂದು ಚೆಂಡೂ ಕ್ವಾರ್ಟರ್‌ಫೈನಲ್‌ನ ಚೆಂಡು ಎಂಬುದು ಗೊತ್ತಿರುವುದಿಲ್ಲ. ಈ ಹಾಳೆ ಬರೆದವರಿಗೆ ಗೊತ್ತಿರುತ್ತದೆ.

ವಿಯೆಟ್ನಾಂ 2023ರ ವಿಶ್ವಕಪ್‌ನಲ್ಲಿ ಆಡಿದ ತಂಡ, ಹಗುರವಾಗಿ ನೋಡುವಂಥದ್ದಲ್ಲ, ಆದರೆ ಥಾಯ್ಲೆಂಡನ್ನು ಗೆದ್ದವರು ಹೆದರಬೇಕಾದದ್ದೂ ಅಲ್ಲ. ಚೈನೀಸ್ ತೈಪೆಯ ಜೊತೆಗಿನದು ಹಳೆಯ ಬಾಕಿ. ನಾಲ್ಕು ದಶಕಗಳಿಗೂ ಹಿಂದೆ, ನಾವು ಗುಂಡ್ಲುಪೇಟೆ ದಾಟಿ ಬಸ್ಸಿನಲ್ಲಿ ಹೋಗಿಬರುವ ಕಲ್ಲಿಕೋಟೆಯಲ್ಲಿ ಏಷ್ಯಾ ಮಹಿಳಾ ಟೂರ್ನಿ ನಡೆದಾಗ, ಭಾರತ ಫೈನಲ್ ತನಕ ಹೋಗಿ ಅವರಿಗೇ ಸೋತಿತ್ತು. 2022ರಲ್ಲಿ ಆಡಲಾಗದೆ ಹೋದ ಪಂದ್ಯವೂ ಅವರ ವಿರುದ್ಧದ್ದೇ. ನನ್ನ ಪಾಲಿನ ಆಸೆಯ ಹೆಚ್ಚಿನ ಭಾಗವನ್ನು ನಾನು ಈ ಪಂದ್ಯದ ಮೇಲೆ ಇಟ್ಟಿದ್ದೇನೆ.

ಮೂರನೆಯ ಸೂಚನೆಯನ್ನು ನಾನು ಕಲಿತದ್ದು 2019ರ ಸಂಕ್ರಾಂತಿಯ ಹಿಂದಿನ ರಾತ್ರಿ, ಎಳ್ಳು ಬೆರೆಸುತ್ತಾ. ಯುಎಇಯಲ್ಲಿ ಪುರುಷರ ಏಷ್ಯನ್ ಕಪ್ ನಡೆಯುತ್ತಿತ್ತು. ಜನವರಿ 6ರಂದು ಥಾಯ್ಲೆಂಡನ್ನು ನಾವು 4-1ರಿಂದ ಸೋಲಿಸಿದ್ದೆವು, ಸುನಿಲ್ ಛೆಟ್ರಿ ಎರಡು, ಅನಿರುದ್ಧ ಥಾಪಾ ಒಂದು, ಜೇಜೆ ಒಂದು. ಆಮೇಲೆ ಯುಎಇ ವಿರುದ್ಧ 0-2 ಸೋಲು. ಜನವರಿ 14ರಂದು ಶಾರ್ಜಾದಲ್ಲಿ ಬಹ್ರೇನ್ ವಿರುದ್ಧ ಬರಿಯ ಡ್ರಾ ಸಾಕಿತ್ತು, ಮುಂದಿನ ಸುತ್ತು ಖಚಿತ. ನಮ್ಮ ಮನೆಯ ಹಜಾರದಲ್ಲಿ ಹಳೆಯ ಪತ್ರಿಕೆ ಹಾಸಿ, ನಡುವೆ ಸ್ಟೀಲಿನ ದೊಡ್ಡ ತಪ್ಪಲೆ ಇಟ್ಟುಕೊಂಡು, ದೊಡ್ಡಮ್ಮ ಹುರಿಗಡಲೆ, ಕಡಲೆಕಾಯಿಬೀಜ ಸುರಿಯುತ್ತಿದ್ದರು, ಅಚ್ಚಿನ ತುಂಡು ಮಾಡಿದ ಬೆಲ್ಲ ಒಂದು ತಟ್ಟೆಯಲ್ಲಿತ್ತು, ಒಣಕೊಬ್ಬರಿ ಹೆಚ್ಚುವ ಕೆಲಸ ನನ್ನದು. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ಸಣ್ಣ ಚೂರು ಮಾಡುವುದಕ್ಕೆ ಕಣ್ಣು ಕೈಯ ಮೇಲಿರಬೇಕು, ನನ್ನ ಕಣ್ಣು ಟೀವಿಯ ಮೇಲೆ. ಎಂಬತ್ತನೇ ನಿಮಿಷ ಆಯಿತು, ಇನ್ನೂ 0-0. ನಾನು ಚಾಕು ಕೆಳಗಿಟ್ಟು, ಮುಂದಿನ ಸುತ್ತಿನಲ್ಲಿ ನಮಗೆ ಯಾರು ಸಿಗುತ್ತಾರೆ ಎಂದು ಮೊಬೈಲಿನಲ್ಲಿ ಹುಡುಕಲು ಶುರುಮಾಡಿದೆ. ತಲೆ ಎತ್ತಿದಾಗ ರೆಫರಿ ಪೆನಾಲ್ಟಿ ಸ್ಪಾಟ್ ತೋರಿಸುತ್ತಿದ್ದ. ಅದು 91ನೇ ನಿಮಿಷ.

"ಹೋಗ್ಲಿ ಬಿಡೋ, ಇನ್ನೊಂದ್ ಮ್ಯಾಚ್ ಇರತ್ತಲ್ಲ" ಎಂದರು ದೊಡ್ಡಮ್ಮ, ತಪ್ಪಲೆಯಲ್ಲಿ ಕೈಯಾಡಿಸುತ್ತಲೇ. ಇಲ್ಲ ದೊಡ್ಡಮ್ಮ, ಇದೇ ಕೊನೆ ಎಂದು ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ವರ್ಷದ ಎಳ್ಳುಬೆಲ್ಲದಲ್ಲಿ ಕೊಬ್ಬರಿ ಚೂರುಗಳು ಅರ್ಧ ಸಣ್ಣವು, ಅರ್ಧ ಹೆಬ್ಬೆರಳಿನ ಗಾತ್ರದವು.

ಆದ್ದರಿಂದ ಕೊನೆಯ ಸೀಟಿ ಊದುವ ತನಕ ಮುಂದಿನ ಸುತ್ತಿನ ಎದುರಾಳಿಯ ಹೆಸರನ್ನು ಹುಡುಕಬೇಡಿ. ಹುಡುಕಿದ್ದರಿಂದ ಪೆನಾಲ್ಟಿ ಬಿತ್ತು ಎಂದು ನಾನು ಹೇಳುತ್ತಿಲ್ಲ, ಅಷ್ಟು ಮೂಢನಂಬಿಕೆ ನನಗಿಲ್ಲ, ಸ್ವಲ್ಪ ಮಾತ್ರ ಇದೆ. ನಾನು ಹೇಳುವುದು, ಆ ಹತ್ತು ನಿಮಿಷ ನಾನು ಪಂದ್ಯವನ್ನೇ ನೋಡಲಿಲ್ಲ ಎಂಬುದನ್ನು. ನಮ್ಮವರು ಎಷ್ಟು ಹಿಂದಕ್ಕೆ ಸರಿದು ಆಡುತ್ತಿದ್ದರು, ಬಹ್ರೇನ್ ಎಷ್ಟು ಬಾರಿ ಪೆನಾಲ್ಟಿ ಏರಿಯಾದೊಳಗೆ ನುಗ್ಗಿತು ಎಂಬುದು ಕಣ್ಣಿಗೆ ಬಿದ್ದಿದ್ದರೆ ಆ ಸೀಟಿ ಸಿಡಿಲಿನಂತೆ ಎರಗುತ್ತಿರಲಿಲ್ಲ.

ಅದೇ ಟೂರ್ನಿಯಲ್ಲಿ ಇನ್ನೊಂದು ಪಾಠವೂ ಇತ್ತು, ಅದನ್ನು ನಾನು ಗಮನಿಸಿದ್ದು ಎಷ್ಟೋ ದಿನಗಳ ನಂತರ. ನಮ್ಮಿಂದ 1-4ರಿಂದ ಸೋತ ಥಾಯ್ಲೆಂಡ್ ಮರುದಿನವೇ ಕೋಚ್‌ನನ್ನು ತೆಗೆದುಹಾಕಿತು. ಆಮೇಲೆ ಬಹ್ರೇನನ್ನು 1-0ರಿಂದ ಗೆದ್ದು, ಯುಎಇ ಜೊತೆ 1-1 ಡ್ರಾ ಮಾಡಿಕೊಂಡು, ನಾಲ್ಕು ಅಂಕಗಳೊಂದಿಗೆ ಗುಂಪಿನಲ್ಲಿ ಎರಡನೇ ಸ್ಥಾನ ಪಡೆದು ಮುಂದಿನ ಸುತ್ತಿಗೆ ಹೋಯಿತು. ನಾಲ್ಕು ಗೋಲು ಹೊಡೆದ ನಾವು ಮೂರು ಅಂಕಗಳೊಂದಿಗೆ ಕೊನೆಯ ಸ್ಥಾನದಲ್ಲಿ ಉಳಿದೆವು. ಮೂರು ಪಂದ್ಯಗಳ ಗುಂಪಿನಲ್ಲಿ ಮೊದಲ ಪಂದ್ಯ ಅಷ್ಟನ್ನೇ ಹೇಳುತ್ತದೆ. ವಿಯೆಟ್ನಾಂ ವಿರುದ್ಧ ಗೆದ್ದರೆ ಬಾಗಿನ ತೆಗೆಯಬೇಡಿ, ಸೋತರೆ ಜಲಾಶಯ ಬರಿದಾಯಿತು ಎನ್ನಬೇಡಿ.

ನಾಲ್ಕನೆಯದಾಗಿ, ಅರ್ಹತೆಗೂ ಟೂರ್ನಿಗೂ ನಡುವಿನ ತಿಂಗಳುಗಳಲ್ಲಿ ಬರುವ ಸಣ್ಣ ಗೆಲುವುಗಳನ್ನು ಪ್ರತ್ಯೇಕವಾಗಿ ಬರೆದಿಡಿ, ದೊಡ್ಡ ಲೆಕ್ಕಕ್ಕೆ ಸೇರಿಸಬೇಡಿ. ಇದು ನನ್ನ ಎರಡನೆಯ ಪೆಟ್ಟು. ಪುರುಷರ ತಂಡ 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕಾಂಬೋಡಿಯಾ, ಅಫ್ಘಾನಿಸ್ತಾನ, ಹಾಂಗ್‌ಕಾಂಗ್ ಮೂವರನ್ನೂ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆದಿತ್ತು, ಆ ಟೂರ್ನಿ ಕತಾರ್‌ನಲ್ಲಿ ನಡೆದದ್ದು 2024ರ ಜನವರಿಯಲ್ಲಿ. ನಡುವೆ, 2023ರ ಜುಲೈ 4ರಂದು, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾದ ಟೂರ್ನಿಯಾದ ಸ್ಯಾಫ್ ಚಾಂಪಿಯನ್‌ಶಿಪ್‌ನ ಫೈನಲ್. ಮಧ್ಯಾಹ್ನದ ರೈಲು ಹಿಡಿದು ಹೋಗಿದ್ದೆ. ಕುವೈತ್ ವಿರುದ್ಧ 1-1 ಆಗಿ, ಪೆನಾಲ್ಟಿಗಳಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು ಕೊನೆಯ ಒದೆತವನ್ನು ತಡೆದಾಗ ನನ್ನ ಪಕ್ಕದಲ್ಲಿ ನಿಂತಿದ್ದ, ಹೆಸರೂ ಗೊತ್ತಿಲ್ಲದ ಹುಡುಗನೊಬ್ಬ ನನ್ನನ್ನು ಎತ್ತಿಕೊಂಡೇ ಬಿಟ್ಟಿದ್ದ. ರಾತ್ರಿ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಮೈಸೂರಿಗೆ ಬರುವಾಗ, ಮದ್ದೂರು ದಾಟುವ ಹೊತ್ತಿಗೆ ನಾನು ಕತಾರ್‌ನಲ್ಲಿ ಕ್ವಾರ್ಟರ್‌ಫೈನಲ್ ಆಡಿಸಿಬಿಟ್ಟಿದ್ದೆ. ಕತಾರ್‌ನಲ್ಲಿ ಆದದ್ದು ಆಸ್ಟ್ರೇಲಿಯಾ ವಿರುದ್ಧ 0-2, ಉಜ್ಬೇಕಿಸ್ತಾನ ವಿರುದ್ಧ 0-3, ಸಿರಿಯಾ ವಿರುದ್ಧ 0-1. ಒಂದು ಗೋಲೂ ಇಲ್ಲ. ಕಂಠೀರವದ ಸಂತೋಷ ಸುಳ್ಳಾಗಿರಲಿಲ್ಲ, ಅದು ಬೇರೆ ಖಾತೆಯ ಹಣವಾಗಿತ್ತು. ನಾನು ಅದನ್ನು ಈ ಖಾತೆಯಿಂದ ಖರ್ಚು ಮಾಡಿದ್ದೆ.

ಆದ್ದರಿಂದ ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಸಾಲು ಬರೆಯಿರಿ. ಮೊದಲನೆಯದು ಇಂದಿನ ಮಟ್ಟ, ಅಂದರೆ ಈಗಿರುವ ತಂಡ ಈಗ ಆಡುತ್ತಿರುವಂತೆಯೇ ಆಡಿದರೆ ಏನಾದೀತು ಎಂಬುದು. ನನ್ನ ಹಾಳೆಯಲ್ಲಿ ಅದು "ತೈಪೆ ವಿರುದ್ಧ ಒಂದು ಗೆಲುವು". ಎರಡನೆಯದು ಒಳಹರಿವು. ಯಾರು ಗಾಯದಿಂದ ಚೇತರಿಸಿಕೊಂಡರು, ತಂಡಕ್ಕೆ ಶಿಬಿರ ಎಷ್ಟು ದಿನ ಸಿಕ್ಕಿತು, ತಮಗಿಂತ ಗಟ್ಟಿ ತಂಡಗಳ ಜೊತೆ ಅಭ್ಯಾಸ ಪಂದ್ಯ ಆಡಿದರೇ ಎಂಬುದನ್ನು ವಾರಕ್ಕೊಮ್ಮೆ ಇಲ್ಲಿ ಸೇರಿಸಿ, ದಿನವೂ ಬೇಡ, ದಿನವೂ ನೋಡಿದರೆ ಒಂದು ಮಳೆಗೆ ಹಿಗ್ಗುವುದು, ಒಂದು ಬಿಸಿಲಿಗೆ ಕುಗ್ಗುವುದು ಶುರುವಾಗುತ್ತದೆ. ಮೂರನೆಯದು ಗರಿಷ್ಠ ಮಟ್ಟ, ಇಲ್ಲಿ ಸಂಕೋಚವಿಲ್ಲದೆ ಬ್ರೆಜಿಲ್ ಎಂದು ಬರೆಯಿರಿ. ಬರೆಯದೆ ಮನಸ್ಸಿನಲ್ಲೇ ಇಟ್ಟುಕೊಂಡರೆ ಅದು ಮೊದಲ ಸಾಲಿನೊಳಗೆ ಸೋರಿಕೊಂಡು ಬಂದು, ಒಂದು ಗೆಲುವಿಗೆ ಸಂತೋಷಪಡಬೇಕಾದ ದಿನ ನಿಮ್ಮನ್ನು ಅತೃಪ್ತರನ್ನಾಗಿ ಮಾಡುತ್ತದೆ.

ಗರಿಷ್ಠ ಮಟ್ಟವನ್ನು ಬರೆಯಲು ಹಿಂಜರಿಯುವವರಿಗೆ ನನ್ನ ಚಿಕ್ಕಪ್ಪನ ಕತೆ ಹೇಳುತ್ತೇನೆ. ರಾಜ್ಯ ತಂಡಗಳು ಆಡುವ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿಯನ್ನು ನಮ್ಮ ರಾಜ್ಯ 1968-69ರಲ್ಲಿ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು ಎಂದೇ ಇತ್ತು, ಕರ್ನಾಟಕವಾದದ್ದು 1973ರಲ್ಲಿ. ವಿಜೇತರ ಪಟ್ಟಿಯಲ್ಲಿ ಇಂದಿಗೂ ಮೈಸೂರು ಎಂದೇ ಕಾಣುವ ಆ ಹೆಸರನ್ನು ಚಿಕ್ಕಪ್ಪ ತನ್ನ ಸ್ವಂತ ಆಸ್ತಿಯೆಂಬಂತೆ ಎಲ್ಲರಿಗೂ ತೋರಿಸುತ್ತಿದ್ದರು, ಮತ್ತು ಪ್ರತಿ ವರ್ಷ "ಈ ಸಲ ನಮ್ದೇ" ಎನ್ನುತ್ತಿದ್ದರು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಾಗ 54 ವರ್ಷ ಕಳೆದಿತ್ತು. ಅಭಿನಂದಿಸಲು ಫೋನ್ ಮಾಡಿದರೆ, "ನಾನ್ ಹೇಳಿರ್ಲಿಲ್ವೇನೋ" ಎಂದರು. ಐವತ್ತಕ್ಕೂ ಹೆಚ್ಚು ಬಾರಿ ತಪ್ಪಾಗಿದ್ದರ ಬಗ್ಗೆ ಒಂದು ಮಾತೂ ಇಲ್ಲ.

ಉಳಿದವು ಬರಿಯ ವ್ಯವಸ್ಥೆಯ ಸಂಗತಿಗಳು. ಪಂದ್ಯಗಳು 2026ರ ಮಾರ್ಚ್ 4ರ ಬುಧವಾರ ವಿಯೆಟ್ನಾಂ ವಿರುದ್ಧ, 7ರ ಶನಿವಾರ ಜಪಾನ್ ವಿರುದ್ಧ, ಇವೆರಡೂ ಪರ್ತ್‌ನಲ್ಲಿ, 10ರ ಮಂಗಳವಾರ ತೈಪೆ ವಿರುದ್ಧ ಸಿಡ್ನಿಯಲ್ಲಿ. ಪರ್ತ್ ನಮಗಿಂತ ಎರಡೂವರೆ ಗಂಟೆ ಮುಂದೆ, ಸಿಡ್ನಿ ಮಾರ್ಚ್‌ನಲ್ಲಿ ಐದೂವರೆ ಗಂಟೆ ಮುಂದೆ. ಒಂದೇ ದೇಶವೆಂದುಕೊಂಡು ಎರಡಕ್ಕೂ ಒಂದೇ ಲೆಕ್ಕ ಹಾಕಿದರೆ ಕೊನೆಯ ಪಂದ್ಯ ಮುಗಿದ ಮೇಲೆ ಟೀವಿ ಮುಂದೆ ಕುಳಿತಿರುತ್ತೀರಿ. ಅಲ್ಲಿನ ಸಂಜೆ ನಮ್ಮ ಕಚೇರಿಯ ಹೊತ್ತು, ಹಾಗಾಗಿ ಅರ್ಧ ದಿನದ ರಜೆಯನ್ನು ಈಗಲೇ ಹೇಳಿಟ್ಟುಕೊಳ್ಳುವುದು ಒಳ್ಳೆಯದು. ಅದು ಪರೀಕ್ಷೆಯ ಕಾಲವೂ ಹೌದು. ಓದುವ ಮಕ್ಕಳಿರುವ ಮನೆಯಲ್ಲಿ ಗುಂಪು ಸೇರಬೇಡಿ, ಸೇರಿದರೆ ಕೂಗಬೇಡಿ. ಪಂದ್ಯ ಯಾವ ಚಾನೆಲ್‌ನಲ್ಲಿ ಅಥವಾ ಯಾವ ಆ್ಯಪ್‌ನಲ್ಲಿ ಬರುತ್ತದೆ ಎಂಬುದನ್ನು ಹಿಂದಿನ ದಿನವೇ ಹಾಕಿ ನೋಡಿ. ಹಿಂದೊಮ್ಮೆ ನಮ್ಮ ಕೇಬಲ್‌ನವರು "ಬರತ್ತೆ ಸಾರ್" ಎಂದು ಹೇಳಿದ ಚಾನೆಲ್‌ನಲ್ಲಿ ತೊಂಬತ್ತು ನಿಮಿಷವೂ ಅಡುಗೆ ಕಾರ್ಯಕ್ರಮ ಬಂದಿತ್ತು.

ಕ್ರಿಕೆಟ್ ಮಾತ್ರ ನೋಡುವವರನ್ನು ಕರೆಯಿರಿ, ಆದರೆ ಅವರಿಗೆ ಆಫ್‌ಸೈಡ್ ವಿವರಿಸಲು ಹೋಗಬೇಡಿ. ಮೂರನೇ ಸ್ಥಾನದ ಲೆಕ್ಕವನ್ನು ಮಾತ್ರ ಮೊದಲೇ ಹೇಳಿ, ನೆಟ್ ರನ್‌ರೇಟ್ ಅರ್ಥವಾದವರಿಗೆ ಗೋಲುಗಳ ವ್ಯತ್ಯಾಸ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ, ಆಮೇಲೆ ಜಪಾನ್ ಪಂದ್ಯದ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಅವರು ನಿಮಗಿಂತ ಹೆಚ್ಚು ಕಿರುಚುತ್ತಾರೆ.

ನನ್ನ ಹಾಳೆ ಈಗ ಅಡುಗೆಮನೆಯ ಬಾಗಿಲ ಪಕ್ಕ, ಕ್ಯಾಲೆಂಡರಿನ ಕೆಳಗೆ ನೇತಾಡುತ್ತಿದೆ. ಮೂರು ಪಂದ್ಯಗಳ ಚೌಕಗಳು ಖಾಲಿ ಇವೆ, ದಾರದಲ್ಲಿ ಒಂದು ಪೆನ್ಸಿಲ್ ಕಟ್ಟಿದ್ದೇನೆ. ಮೊನ್ನೆ ದೊಡ್ಡಮ್ಮ ಅದರ ಮುಂದೆ ಕನ್ನಡಕ ಸರಿಮಾಡಿಕೊಂಡು ನಿಂತು, "ಹೆಣ್ಮಕ್ಳು ಮ್ಯಾಚ್ ಸೋತ್ರೆ ಇನ್ನೊಂದ್ ಇರತ್ತೇನೋ ಈ ಸಲ?" ಎಂದು ಕೇಳಿದರು. ಇದೆ ದೊಡ್ಡಮ್ಮ, ಮೊದಲನೆಯದು ಸೋತರೂ ಇನ್ನೆರಡು ಇದೆ ಎಂದೆ.